ಮಾವನ ಬಲಗೈ, ಅಕ್ಕನ ಬಲಗಿವಿ

ಬಾದಾಮಿಯ ಒಂದು ಹೊಸ ಮನೆಯಲ್ಲಿ ಸೀಲಿಂಗ್ ಫ್ಯಾನಿನ ಸಲುವಾಗಿ ಜಗಳವಾಡುತ್ತಲೇ ಮಾವ ತೀರಿಹೋದರು. ಪ್ರೊಜೆಕ್ಟರಿನ ಬೆಳಕು ಪರದೆಗೆ ಹೋಗುವ ದಾರಿಯಲ್ಲಿ ಫ್ಯಾನಿನ ರೆಕ್ಕೆ ಬರುತ್ತದೆ, ಅದನ್ನು ಸರಿಸು ಎಂದು ಅವರು ಮೊದಲೇ ಹೇಳಿ ಬಂದಿದ್ದರಂತೆ. ವೈರಿಂಗ್ ಮಾಡಿದವನು ಸರಿಸಿರಲಿಲ್ಲ. ಬೆಳಕು ಬಿಟ್ಟು ನೋಡಿದರೆ ಪರದೆಯ ತುಂಬ ರೆಕ್ಕೆಯ ನೆರಳು ಬಡಿದುಕೊಳ್ಳುತ್ತಿತ್ತು. ಮಾವ ಸ್ಟೂಲಿನಿಂದ ಇಳಿದವರೇ ಅವನ ಅಂಗಿ ಹಿಡಿದು, "ಕಣ್ಣಾಗ ಏನ್ ಮೆತ್ಗೊಂಡೀಯಲೇ?" ಎಂದು ಕೈ ಎತ್ತಿದರು. ಎತ್ತಿದ ಕೈ ಅವನ ಕೆನ್ನೆಗೆ ಹೋಗಲಿಲ್ಲ. ತಿರುಗಿ ಅವರ ಎದೆಗೇ ಬಂತು. ಹಾಗೇ ಗೋಡೆ ಹಿಡಿದು ಕುಳಿತರು, ಮತ್ತೆ ಏಳಲಿಲ್ಲ.

ಆ ವೈರಿಂಗಿನವನು ಮಣ್ಣಿಗೆ ಬಂದಿದ್ದ. ನನ್ನ ಕೈ ಹಿಡಿದು ಅತ್ತ.

"ಹೊಡದಿದ್ರೂ ಚಲೋ ಇತ್ತರಿ ಅಣ್ಣಾರ. ಹೊಡೀದನ ಹ್ವಾದ್ರು."

ಅವನ ಮಾತು ನನಗೆ ಅರ್ಥವಾಯಿತು. ಮಾವನ ಕೈ ಎದ್ದ ಮೇಲೆ ಬೀಳದೆ ಹೋದದ್ದನ್ನು ಅವರನ್ನು ಬಲ್ಲ ಯಾರೂ ನಂಬಲಾರರು. ನನಗೆ ತಿಳಿದ ಮಟ್ಟಿಗೆ ಅದು ಎರಡನೆಯ ಸಲ. ಮೊದಲನೆಯ ಸಲ ನಾನು ಅಲ್ಲೇ ಇದ್ದೆ. ಅದನ್ನು ಬರೆಯಬೇಕೆಂದೇ ಕುಳಿತಿದ್ದೇನೆ, ಆದರೆ ಅದಕ್ಕಿಂತ ಮೊದಲು ಅವರು ಎಂಥವರು ಎಂದು ಹೇಳಬೇಕು.

ಮಾವ ಎಂದರೆ ನನ್ನ ಅಕ್ಕನ ಗಂಡ. ನಾವು ಇಳಕಲ್ಲಿನ ನೇಕಾರರು. ಅಕ್ಕನನ್ನು ಬಾಗಲಕೋಟೆಗೆ ಕೊಟ್ಟಾಗ ಅವರು ಅಲ್ಲಿಯ ಒಂದು ಚಿತ್ರಮಂದಿರದಲ್ಲಿ ಯಂತ್ರ ಓಡಿಸುತ್ತಿದ್ದರು. ಎತ್ತರದ ಆಳು, ಬಿಳಿ ಅಂಗಿಯನ್ನೇ ಹಾಕುವವರು. ಹಣೆಯ ಎಡಕ್ಕೆ ಒಂದು ಗಾಯದ ಗುರುತು. ಒಮ್ಮೆ ಸಿನಿಮಾದ ಹೊಡೆದಾಟದ ನಡುವೆ ರೀಲು ಸುಟ್ಟು ಪರದೆ ಬೆಳ್ಳಗಾದಾಗ ಜನ ಕುರ್ಚಿ ಮುರಿದು ಮೇಲಕ್ಕೆ ಎಸೆದರಂತೆ, ಒಂದು ಕುರ್ಚಿಯ ಕಾಲು ಯಂತ್ರದ ಕಿಂಡಿಯೊಳಗೇ ತೂರಿ ಬಂತಂತೆ. ಮಾವ ಹಣೆಯಿಂದ ರಕ್ತ ಸುರಿಯುತ್ತಿರುವಾಗಲೇ ಅದೇ ಕಾಲನ್ನು ಹಿಡಿದು ಕೆಳಗೆ ಇಳಿದರಂತೆ. ಅವತ್ತು ಎಷ್ಟು ಜನ ದವಾಖಾನೆ ಸೇರಿದರೆಂದು ಅವರು ಹೇಳುವಾಗಲೆಲ್ಲ ಲೆಕ್ಕ ಬೇರೆಯಾಗುತ್ತಿತ್ತು. "ಸಿನಿಮಾದಾಗ ಅರ್ಧಕ್ಕ ನಿಂತಿತ್ತು, ನಾ ಪೂರಾ ಮಾಡಿ ತೋರಿಸಿದ್ನಿ" ಎನ್ನುತ್ತಿದ್ದರು.

ಮುಂದೆ ಊರಿಗೆ ಅಣೆಕಟ್ಟಿನ ಹಿನ್ನೀರು ಬಂತು. ಹಳೆಯ ಓಣಿಗಳು ಖಾಲಿಯಾದವು, ಜನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದರು. ಹಳೆ ಮನೆಯಲ್ಲಿ ಇಲ್ಲದ್ದೆಲ್ಲ ಹೊಸ ಮನೆಯಲ್ಲಿ ಬೇಕಿತ್ತು. ಕೆಲವರು ಮೇಲೊಂದು ಕೋಣೆ ಎತ್ತಿ ಅದಕ್ಕೆ ಥಿಯೇಟರ್ ಎಂದು ಹೆಸರಿಟ್ಟರು. ಮಾವ ಚಿತ್ರಮಂದಿರದ ಕೆಲಸ ಬಿಟ್ಟು ಅಲ್ಲಿಯ ವಿದ್ಯಾಗಿರಿ ಬಡಾವಣೆಯಲ್ಲಿ ಅಂಗಡಿ ಹಾಕಿದರು. ಡಿವಿಡಿ, ಪ್ರೊಜೆಕ್ಟರ್, ಸುತ್ತ ಐದು ಸ್ಪೀಕರ್, ಕೆಳಗೊಂದು ದಮ್ಮಿನ ಪೆಟ್ಟಿಗೆ, ಎದೆಗೆ ಬಡಿಯುವ ದಪ್ಪ ಸದ್ದಿನದು. ಸುತ್ತಲಿನ ನಾಲ್ಕೂರಲ್ಲಿ ಇದನ್ನು ಹಾಕಿಕೊಡುವವರು ಆಗ ಅವರೊಬ್ಬರೇ ಇದ್ದರು ಎಂದು ಕಾಣುತ್ತದೆ. ಇಲ್ಲದಿದ್ದರೆ ಅವರ ಬಾಯಿಯನ್ನೂ ಕೈಯನ್ನೂ ಯಾರು ತಾಳಿಕೊಳ್ಳುತ್ತಿದ್ದರು?

ಹೊಸ ಕೋಣೆಗೆ ಹೋದರೆ ಮೊದಲು ಬಾಗಿಲು ಹಾಕಿ ಒಂದು ಚಪ್ಪಾಳೆ ಹೊಡೆಯುತ್ತಿದ್ದರು. ಗೋಡೆ ಅದನ್ನು ಹೇಗೆ ತಿರುಗಿಸಿ ಕೊಡುತ್ತದೆ ಎಂದು ನಿಂತು ಕೇಳುತ್ತಿದ್ದರು. ಸದ್ದು ಗಣಗಣ ಎಂದರೆ ಮನೆಯ ಹೆಣ್ಣುಮಕ್ಕಳಿಗೆ ಕೌದಿ ಕೇಳುತ್ತಿದ್ದರು. ಹಳೆ ಸೀರೆಗಳನ್ನು ಪದರ ಹಾಕಿ ಹೊಲಿದ ಕೌದಿಯಷ್ಟು ಚೆನ್ನಾಗಿ ಸದ್ದು ನುಂಗುವುದು ಬೇರೆ ಇಲ್ಲ ಎಂಬುದು ಅವರ ಮತ. ಮಂದಿ ಚಳಿಗೆ ಹೊದೆಯುವುದನ್ನು ಅವರು ಗೋಡೆಗೆ ಹೊದಿಸುತ್ತಿದ್ದರು. ಆಮೇಲೆ ಕುರ್ಚಿ. ಕುರ್ಚಿಯನ್ನು ಹಿಂದಿನ ಗೋಡೆಗೆ ಒತ್ತಿ ಇಟ್ಟರೆ ಸಿಟ್ಟು ನೆತ್ತಿಗೇರುತ್ತಿತ್ತು. "ಹಿಂದ ಜಾಗಾ ಬಿಡ್ರೀ. ಮುಂದಿಂದ ಬರೂದನ್ನ ಎಲ್ಲಾರೂ ನೋಡ್ತಾರ. ಮನಷ್ಯಾ ಅಂಜೂದು ಹಿಂದಿಂದ ಬರೂದಕ್ಕ." ಹಿಂದಿನ ಎರಡು ಸ್ಪೀಕರ್ ಕುಳಿತವನ ಕಿವಿಗಿಂತ ಎರಡು ಗೇಣು ಮೇಲೆ ಇರಬೇಕು. ಮುಂದಿನ ಎರಡು, ಕುರ್ಚಿಯಿಂದ ದಾರ ಹಿಡಿದರೆ ಸರಿಸಮ ಬರಬೇಕು. ದಮ್ಮಿನ ಪೆಟ್ಟಿಗೆಯನ್ನು ಮಾತ್ರ ಎಲ್ಲಿ ಇಡುವುದೆಂದು ಮೊದಲೇ ಹೇಳುತ್ತಿರಲಿಲ್ಲ. ಅದನ್ನು ಕುರ್ಚಿಯ ಮೇಲೆ ಕೂರಿಸಿ, ಸದ್ದು ಬಿಟ್ಟು, ತಾವು ಆ ಬಿಳಿ ಅಂಗಿಯಲ್ಲೇ ಗೋಡೆಯ ಅಂಚಿಗೆ ಅಂಬೆಗಾಲಿಡುತ್ತ ಕೋಣೆ ಸುತ್ತುತ್ತಿದ್ದರು. ಎಲ್ಲಿ ದಮ್ಮು ಎದೆಗೆ ಚೊಕ್ಕವಾಗಿ ಬಡಿಯುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ. ಆಗ ಯಾರಾದರೂ ನಕ್ಕರೆ ಅವರ ಗತಿ ಮುಗಿಯಿತು. ಗುಡೂರಿನ ಒಬ್ಬರ ಮನೆಯಲ್ಲಿ ಅಳಿಯ ನಕ್ಕನೆಂದು ಅವನನ್ನು ಮೆಟ್ಟಿಲಿನಿಂದ ದಬ್ಬಿದರು. ಆಮೇಲೆ ಇಳಿದು ಹೋಗಿ, ಅವನನ್ನು ಎಬ್ಬಿಸಿ, ಅಂಗಿ ಜಾಡಿಸಿ, ಮೇಲೆ ಕರೆತಂದು ಕುರ್ಚಿಯಲ್ಲಿ ಕೂರಿಸಿ, "ಈಗ ಕೇಳು" ಎಂದರು.

ಎಲ್ಲ ಹಾಕಿ ಮುಗಿಸಿದ ಮೇಲೆ ಒಂದು ಪರೀಕ್ಷೆ. ಮನೆಯ ಹೆಣ್ಣುಮಗಳೊಬ್ಬಳನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದರು. ಒಂದೊಂದೇ ಮೂಲೆಯಿಂದ ಗುಂಡಿನ ಸದ್ದು ಬಿಡುತ್ತಿದ್ದರು. ಆಕೆ ಸದ್ದು ಬಂದ ಕಡೆಗೆ ಬೆರಳು ತೋರಿಸಬೇಕು. ಬೆರಳು ಸ್ಪೀಕರಿಗೆ ನೇರ ಹೋದರೆ ಕೆಲಸ ಮುಗಿಯಿತು. ಯಜಮಾನರು ತಾವೇ ಕೂರುತ್ತೇವೆಂದರೆ ಒಪ್ಪುತ್ತಿರಲಿಲ್ಲ. "ನಿಮಗೇನ್ ಗೊತ್ರಿ? ಹಾಲು ಉಕ್ಕಿದ್ದು ಕೇಳಸ್ತದೇನ್ ನಿಮಗ? ಮನ್ಯಾಗಿನ ಸಪ್ಪಳಾ ಹೆಣ್ಮಕ್ಕಳ ಕೇಳ್ಬೇಕು."

ಇದನ್ನು ಅವರು ಕಲಿತದ್ದು ನನ್ನ ಅಕ್ಕನಿಂದ. ನಮ್ಮ ಮನೆಯಲ್ಲಿ ಸಾಲಾಗಿ ಕುಣಿಮಗ್ಗಗಳು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತ ಕುಳಿತಲ್ಲಿಂದಲೇ, "ಅಪ್ಪಾ, ಕಡೀ ಮಗ್ಗದಾಗ ಎಳಿ ಹರೀತು ನೋಡು" ಎನ್ನುತ್ತಿದ್ದಳು. ಎಲ್ಲ ಮಗ್ಗಗಳ ಸದ್ದಿನ ನಡುವೆ ಒಂದು ಲಾಳಿ ತಪ್ಪಿದ್ದು ಅವಳಿಗೆ ತಿಳಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಮಾವ ಇದನ್ನು ಕಂಡು ಬೆರಗಾದರು. ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪ್ರತಿ ಹೊಸ ಕೋಣೆಗೂ ಕರೆದೊಯ್ಯುತ್ತಿದ್ದರು. "ನನ್ನ ಹೇಣ್ತಿ ಕಿವಿ ಅಂದ್ರ ತಕ್ಕಡಿ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಅವರು ಯಾರನ್ನಾದರೂ ಹೊಗಳಿದ್ದು ನಾನು ಕೇಳಿದ್ದು ಅಷ್ಟೇ.

ಆ ಕಿವಿಯನ್ನು ಅವರೇ ಕೆಡಿಸಿದರು.

ಶಿರೂರಿನಲ್ಲಿ ದೊಡ್ಡ ಒಕ್ಕಲುತನದವರೊಬ್ಬರ ಮನೆ. ಪರೀಕ್ಷೆ ಮುಗಿದ ಮೇಲೆ ಅಕ್ಕ ಕಣ್ಣು ತೆರೆದು, ಎಡಕ್ಕೆ ಹಿಂದಿನದು ಒಂದು ಗೇಣು ಕೆಳಗೆ ಬಂದಿದೆ ಎಂದಳು. ಮನೆಯವರೆಲ್ಲ ಇದ್ದರು. ಮಾವ ಇಲ್ಲ ಎಂದರು. ಅಕ್ಕ ನಕ್ಕು, "ಬೇಕಾದ್ರ ಅಳೀರಿ" ಎಂದಳು. ಮನೆಯ ಯಜಮಾನರು ನಿಜವಾಗಿಯೂ ಅಳೆದರು. ಒಂದು ಗೇಣು ಕೆಳಗಿತ್ತು. ಮಾವ ಸಾಮಾನು ಕಟ್ಟಿಕೊಂಡು ಅಕ್ಕನನ್ನು ಬೈಕಿಗೆ ಹತ್ತಿಸಿದರು. ತಮ್ಮ ಮನೆಗೆ ಬಂದು ಬಾಗಿಲು ಹಾಕಿ ಬಲಗೈಯಿಂದ ಅವಳ ಎಡಗಿವಿಗೆ ಬಡಿದರು. ಅವಳು ಬಾಗಿಲ ಚೌಕಟ್ಟಿಗೆ ಬಿದ್ದಳು. ಎದ್ದಾಗ ಕಿವಿಯಿಂದ ರಕ್ತ ಬರುತ್ತಿತ್ತು. ಮರುದಿನ ಅವರು ಶಿರೂರಿಗೆ ಹೋಗಿ ಸ್ಪೀಕರನ್ನು ಒಂದು ಗೇಣು ಮೇಲಕ್ಕೆ ಏರಿಸಿ ಬಂದರು.

ದವಾಖಾನೆಗೆ ಅವಳನ್ನು ಕರೆದೊಯ್ದದ್ದು ನಾನು. ಕಿವಿಯ ತಮಟೆ ಹರಿದಿದೆ, ಒಳಗೂ ಕೆಟ್ಟಿದೆ, ಆ ಕಡೆ ಇನ್ನು ಕೇಳಿಸಲಾರದು ಎಂದರು ಡಾಕ್ಟರು. ಹೇಗಾಯಿತು ಎಂದು ಕೇಳಿದಾಗ ಅಕ್ಕ, ಚೌಕಟ್ಟಿಗೆ ಬಿದ್ದೆ ಎಂದಳು. ಹೊರಗೆ ಬಂದ ಮೇಲೆ ನಾನು, ಇವತ್ತೇ ಇಳಕಲ್ಲಿಗೆ ನಡೆ, ಅವನ ಕೈ ಮುರಿಯುತ್ತೇನೆ ಎಂದೆ. ನನ್ನ ಕೈಯೂ ಆಗ ಗಟ್ಟಿಯಿತ್ತು.

"ಬ್ಯಾಡ ತಮ್ಮಾ" ಎಂದಳು. "ಕೇಳಸಂಗಿಲ್ಲ ಅನ್ನೂದು ಅವರಿಗೆ ಗೊತ್ತಾಗಬಾರದು. ನನ್ನ ಮ್ಯಾಲೆ ಆಣಿ."

"ಯಾಕ?"

"ಗೊತ್ತಾದ್ರ ಸುಳ್ಳು ಅಂತಾರ. ಸುಳ್ಳು ಅಂದ್ರ ಮತ್ತ ಕೈ ಏಳತೈತಿ. ಈಗ ಉಳದದ್ದು ಒಂದ ಕಿವಿ. ಅದನ್ನ ನಾ ಕಾಯಬೇಕು."

ಹಾಗೆ ಅವಳು ಅದನ್ನು ಕಾಯುತ್ತ ಬದುಕಿದಳು. ಮಾವನ ದನಿ ಗೋಡೆಯಾಚೆಗೂ ಕೇಳಿಸುವಂಥದ್ದು, ಹಾಗಾಗಿ ಮನೆಯಲ್ಲಿ ಗುಟ್ಟು ನಿಂತಿತು. ಯಾರಾದರೂ ಮಾತಾಡಿಸಿದರೆ ಮುಖವನ್ನು ಪೂರ್ತಿ ಅವರ ಕಡೆಗೆ ತಿರುಗಿಸುತ್ತಿದ್ದಳು. ಮಂದಿ ಅದನ್ನು ಮರ್ಯಾದೆ ಎಂದುಕೊಂಡರು. ಪರೀಕ್ಷೆಗೆ ಕರೆದರೆ ತಲೆನೋವು ಎನ್ನುತ್ತಿದ್ದಳು, ಇಲ್ಲವೆ ಮಡಿ, ಇಲ್ಲವೆ ರೊಟ್ಟಿ ಬಡಿಯಬೇಕು. "ಶಾಣ್ಯಾಕಿ ಆಗ್ಯಾಳ" ಎಂದು ಮಾವ ಬೈದುಕೊಂಡು ಒಬ್ಬರೇ ಹೋಗುತ್ತಿದ್ದರು. ಹೊಡೆಯುವುದು ನಿಂತಿರಲಿಲ್ಲ. ಬೆನ್ನು, ತೋಳು, ಕೆನ್ನೆ. ಅಕ್ಕ ಪ್ರತಿ ಸಲವೂ ಬಲಗಿವಿಯನ್ನು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳಂತೆ. ಇದನ್ನೂ ಅವಳು ನನಗೆ ಹೇಳಿದ್ದು ಅಡುಗೆಯ ಮಾತಿನಂತೆ, ಸಾದಾ ದನಿಯಲ್ಲಿ.

ಇಂಥವರು ಹೋದಾಗ ನೀನೇಕೆ ಅಳುತ್ತೀ ಎಂದು ನನ್ನ ಹೆಂಡತಿ ಕೇಳಿದಳು. ವಿದ್ಯುತ್ ಮಗ್ಗದ ಬೆಲ್ಟಿಗೆ ನನ್ನ ಕೈ ಸಿಕ್ಕ ದಿನ ಮಾವ ನಮ್ಮ ಮನೆಯಲ್ಲಿದ್ದರು. ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಸಂತೆಯ ನಡುವೆಯೇ ಓಡಿದರು. ದಾರಿ ಬಿಡದ ಟ್ರ್ಯಾಕ್ಟರಿನವನಿಗೆ ಓಡುತ್ತಲೇ ಒಂದು ಬಿಟ್ಟರು. ದವಾಖಾನೆಯಲ್ಲಿ ಹೊಲಿಗೆ ಹಾಕಿ ಮುಗಿಸುವವರೆಗೂ ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿದಿದ್ದರು. ನನ್ನ ಬೆರಳುಗಳು ಉಳಿದದ್ದು ಆ ಕೈಯಿಂದ, ಅಕ್ಕನ ಕಿವಿ ಹೋದದ್ದೂ ಆ ಕೈಯಿಂದ. ಎರಡನ್ನೂ ಕಳೆದು ಕೂಡಿ ಒಂದು ಮಾಡಲು ನನಗೆ ಬರುವುದಿಲ್ಲ.

ಆ ಮೊದಲ ಸಲದ ಮಾತಿಗೆ ಬರುತ್ತೇನೆ.

ಅದು ಇಳಕಲ್ಲಿನಲ್ಲೇ, ಗ್ರಾನೈಟ್ ಕಲ್ಲಿನ ಸಾವಕಾರರೊಬ್ಬರ ಮನೆಯಲ್ಲಿ ನಡೆಯಿತು. ತಮ್ಮದೇ ಗಣಿಯ ಕೆಂಪು ಕಲ್ಲು ಮನೆಯಲ್ಲಿ ಕಾಣದಿದ್ದರೆ ಹೇಗೆ ಎಂದು ಅವರು ಥಿಯೇಟರಿನ ನೆಲಕ್ಕೂ ಗೋಡೆಗೂ ನುಣ್ಣಗೆ ಹೊಳಪು ಕೊಟ್ಟ ಗ್ರಾನೈಟನ್ನೇ ಹಚ್ಚಿಸಿದ್ದರು. ನಮ್ಮೂರಿನವರಲ್ಲದೆ ಬೇರೆ ಯಾರೂ ಈ ತಪ್ಪು ಮಾಡಲಾರರು. ಮಾವ ಚಪ್ಪಾಳೆ ಹೊಡೆದರೆ ಗಣಿಯಲ್ಲಿ ಸಿಡಿಮದ್ದು ಹಾರಿಸಿದಂತೆ ಕೋಣೆಯೇ ತಿರುಗಿ ಹೊಡೆಯಿತು.

"ಇದು ಮನಿ ಅಲ್ರಿ ಸಾವಕಾರ್ರ, ಭಾವಿ" ಎಂದರು ಮಾವ.

"ಕಲ್ಲು ತಗಿ ಅನಬ್ಯಾಡ. ನನ್ನ ಕಲ್ಲು ನೋಡಾಕನ ಮಂದಿ ಬರ್ತಾರ" ಎಂದರು ಸಾವಕಾರರು.

ಮಾವ ಅರ್ಧ ಓಣಿಯ ಕೌದಿಗಳನ್ನು ತರಿಸಿ ಗೋಡೆಗೆ ತೂಗುಬಿಟ್ಟರು. ನಮ್ಮ ಮನೆಯ ಕೌದಿಗಳೂ ಹೋದವು. ಅವುಗಳಲ್ಲಿ ಅವ್ವನ ಹಳೆ ಸೀರೆಗಳ ಕೆಂಪು ಸೆರಗು ಕಾಣುತ್ತಿತ್ತು. ಅಕ್ಕ ಆಗ ಪಂಚಮಿಗೆ ತವರಿಗೆ ಬಂದಿದ್ದಳು. ಸಾವಕಾರರ ಹೆಂಡತಿ ತನ್ನ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದ ಹೆಣ್ಣೆಂದರೆ ಸಾವಕಾರರ ತಾಯಿ, ಮುಪ್ಪಿನವರು. "ನನ್ನ ಕಿವಿ ನಂಬಬ್ಯಾಡಪ್ಪಾ" ಎಂದರು ಆಕೆ. ಮಾವ ನನಗೆ, "ಹೋಗಲೇ, ನಿಮ್ಮಕ್ಕನ್ನ ಕರಕೊಂಡು ಬಾ. ಇವತ್ತ ತಲಿ ನೋವು ಅಂದ್ರ ತಲೀನ ತಗೊಂಡು ಬಾ" ಎಂದರು.

ಅಕ್ಕ ಲಾಡು ಕಟ್ಟುತ್ತಿದ್ದಳು. ಮಾತು ಕೇಳಿ ಕೈ ತೊಳೆದುಕೊಂಡಳು. ದಾರಿಯಲ್ಲಿ ಒಮ್ಮೆ ಮಾತ್ರ, "ಕೌದಿ ಹಾಕ್ಯಾರಲ್ಲ, ಹೆಂಗರ ತಿಳದೀತು" ಎಂದಳು.

ನಡುವಿನ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದಳು. ಮಾವ ಬಲ ಮುಂದಿನಿಂದ ಗುಂಡು ಹಾರಿಸಿದರು. ಬೆರಳು ನೇರ ಹೋಯಿತು. ಬಲ ಹಿಂದಿನಿಂದ. ಅದೂ ಸರಿ. ಎಡ ಹಿಂದಿನಿಂದ ಹಾರಿಸಿದರು. ಅಕ್ಕನ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು ಬಲಕ್ಕೇ ಹೋಯಿತು.

"ಏ, ನೆಟ್ಟಗ ಕೇಳು."

ಮತ್ತೆ ಎಡದಿಂದ. ಬೆರಳು ಬಲಕ್ಕೆ. ಸಾವಕಾರರು ನಕ್ಕರು. "ನಿನ್ನ ತಕ್ಕಡಿ ಒಂದ ಕಡೆ ತೂಗ್ತದಲ್ಲೋ ಮಾರಾಯಾ!"

ಮಾವ ವೈರು ಅದಲುಬದಲಾಗಿದೆಯೆಂದು ಕಿತ್ತು ಜೋಡಿಸಿದರು. ಸರಿಯಾಗಿದ್ದದ್ದು ಉಲ್ಟಾ ಆಯಿತು. ಬೈದುಕೊಳ್ಳುತ್ತ ಮತ್ತೆ ಕಿತ್ತರು. ಸದ್ದು ಏರಿಸಿದರು. ಗುಂಡು, ಕತ್ತಿ, ಗಾಜು ಒಡೆಯುವುದು, ಯಾರೋ ಕಿರಿಚುವುದು, ಎಲ್ಲವೂ ಎಡ ಮೂಲೆಯಿಂದ. ಅಕ್ಕ ಆ ಹೊಡೆದಾಟದ ನಡುವೆ ಕಣ್ಣು ಮುಚ್ಚಿ, ನೆತ್ತಿಯ ಬೆವರು ಹುಬ್ಬಿಗೆ ಇಳಿಯುತ್ತಿರುವಾಗ, ಬಲಕ್ಕೇ ಬೆರಳು ಚಾಚಿದ್ದಳು. ಮಾವ ಸ್ಟೂಲು ಹತ್ತಿ ಎಡದ ಸ್ಪೀಕರಿಗೆ ತಮ್ಮ ಕಿವಿ ಇಟ್ಟು ಕೇಳಿದರು. ಅದು ಚೆನ್ನಾಗಿಯೇ ನುಡಿಯುತ್ತಿತ್ತು. ಅವರ ಮುಖ ಕಪ್ಪಾಯಿತು. ಸ್ಪೀಕರನ್ನು ಕೊಂಡಿಸಹಿತ ಕಿತ್ತು ನೆಲಕ್ಕೆ ಅಪ್ಪಳಿಸಿದರು. ಕಲ್ಲಿನ ಮೇಲೆ ಅದು ಚೂರುಚೂರಾಗಿ ಒಂದು ಚೂರು ಅಕ್ಕನ ಕಾಲಿಗೆ ಬಡಿಯಿತು. ಅವಳು ಕಣ್ಣು ತೆರೆದಳು.

"ಬೇಕಂತ ಮಾಡ್ತೀ! ನಾಕು ಮಂದ್ಯಾಗ ನನ್ನ ಮಾನಾ ಕಳೀತಿ! ಶಿರೂರಾಗ ಮಾಡಿದ್ದು ಸಾಲಲಿಲ್ಲೇನ?"

ಮಾವನ ಬಲಗೈ ಎದ್ದಿತು. ನಾನು ನಡುವೆ ಹೋಗಲು ಹೊರಟೆ, ಕಾಲಿಗೆ ವೈರು ತೊಡರಿತು.

ಬಲಗೈ ಬರುವುದು ಎದುರಿನವರ ಎಡ ಕೆನ್ನೆಗೆ. ಯಾರೇ ಆಗಲಿ ಆ ಕಡೆಯನ್ನು ಮುಚ್ಚಿಕೊಳ್ಳುತ್ತಾರೆ. ಅಕ್ಕ ಎರಡೂ ಕೈಯಿಂದ ಬಲಗಿವಿಯನ್ನು ಮುಚ್ಚಿಕೊಂಡಳು. ಎಡಗಿವಿ, ಎಡ ಕೆನ್ನೆ, ಪೂರ್ತಿ ಬಯಲು. ಹೊಡೆಯಿರಿ, ಅದು ನಿಮ್ಮದೇ ಎಂಬಂತೆ ಕೊಟ್ಟು ಕುಳಿತಳು.

ಕೈ ನಿಂತಿತು.

ಮಾವ ಕುರುಡರಲ್ಲ. ಸದ್ದಿನ ಕೆಲಸ ಮಾಡಿ ಬದುಕಿದವರು. ನಿಧಾನವಾಗಿ ಅವಳ ಎಡಕ್ಕೆ ಬಂದು, ಕಿವಿಯ ಹತ್ತಿರ ಚಿಟಿಕೆ ಹೊಡೆದರು. ಅವಳ ರೆಪ್ಪೆ ಅಲುಗಲಿಲ್ಲ. ಅವಳ ಹೆಸರು ಹಿಡಿದು ಕರೆದರು. ನಾನು ಅವರ ಬಾಯಲ್ಲಿ ಅಕ್ಕನ ಹೆಸರು ಕೇಳಿದ್ದು ಅದೇ ಮೊದಲು. ಬಲಗಿವಿ ಮುಚ್ಚಿ ಕುಳಿತ ಅಕ್ಕನಿಗೆ ಅದು ಕೇಳಿಸಲಿಲ್ಲ.

ಬಾಗಿಲ ಬಳಿ ಕುಳಿತಿದ್ದ ಸಾವಕಾರರ ತಾಯಿ ಮಾತಾಡಿದರು.

"ಆಕೀಗಿ ಯಾಕ ಬೈತಿ ತಮ್ಮಾ? ನಂದೂ ಎಡಗಿವಿನ ಹ್ವಾದದ್ದು. ನಮ್ಮ ಮನೆಯವ್ರೂ ಬಲಗೈಯವ್ರ."

ಸಾವಕಾರರು ತಾಯಿಯನ್ನು ನೋಡಿದರು. ಅವರಿಗೂ ಅದು ಅವತ್ತೇ ತಿಳಿದದ್ದು. ಗೋಡೆಯ ಕೌದಿಗಳು ಸದ್ದನ್ನೆಲ್ಲ ನುಂಗಿ ಆ ಕೋಣೆ ಎಷ್ಟು ಚೊಕ್ಕವಾಗಿತ್ತೆಂದರೆ, ಆ ಮುದುಕಿಯ ಒಂದೊಂದು ಮಾತೂ ಕಿವಿಯ ಹತ್ತಿರ ಹೇಳಿದಂತೆ ಕೇಳಿಸಿತು.

ಮಾವ ನೆಲಕ್ಕೆ ಕುಳಿತು ಸ್ಪೀಕರಿನ ಚೂರು ಆರಿಸತೊಡಗಿದರು. ನಾನು ಅಕ್ಕನನ್ನು ಕರೆದುಕೊಂಡು ಹೋದೆ.

ಹಬ್ಬ ಮುಗಿದು ಎಷ್ಟೋ ದಿನವಾದರೂ ಅಕ್ಕ ಗಂಡನ ಮನೆಗೆ ಹೋಗಲಿಲ್ಲ. ಅಪ್ಪ ಹೋಗು ಎನ್ನಲಿಲ್ಲ. ಕೊನೆಗೊಂದು ದಿನ ಮಾವ ಬಂದು ಹೊಸ್ತಿಲಾಚೆ ನಿಂತರು. ಅಪ್ಪ ಮಗ್ಗ ನಿಲ್ಲಿಸಿದರು. ಮಾವ ತಪ್ಪಾಯಿತು ಎನ್ನಲಿಲ್ಲ. ಆ ಮಾತು ಅವರಿಗೆ ಬರುತ್ತಿರಲಿಲ್ಲ. "ನಡಿ" ಎಂದರು, ಅಷ್ಟೇ.

"ಬರ್ತೇನಿ" ಎಂದಳು ಅಕ್ಕ. "ಆದ್ರ ಒಂದ ಮಾತು. ಇನ್ನ ಮ್ಯಾಲೆ ನನ್ನ ಬಲಕ್ಕ ಬರಬ್ಯಾಡ್ರಿ. ನಿಂತ್ರೂ ಕುಂತ್ರೂ ಎಡಕ್ಕ ಇರ್ರಿ. ಅಲ್ಲಿ ಕೆಡಸಾಕ ಇನ್ನೇನೂ ಉಳದಿಲ್ಲ."

ಮಾವ ಬೈಕಿನ ಕಡೆಗೆ ನಡೆದರು, ಅವಳ ಎಡಕ್ಕೆ.

ಅವರು ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಹೊರಗೆ ಅವರ ಕೈ ಮೊದಲಿನಂತೆಯೇ ಆಡುತ್ತಿತ್ತು. ಬಾಗಲಕೋಟೆಯ ಒಬ್ಬ ಗಿರಾಕಿ ಹಿಂದಿನ ಸ್ಪೀಕರುಗಳನ್ನು ಅಟ್ಟಕ್ಕೆ ಏರಿಸಿದ್ದಕ್ಕೆ ಅವನ ಮೂಗು ಒಡೆದು ಠಾಣೆಗೂ ಹೋಗಿ ಬಂದರು. ಆದರೆ ಅಕ್ಕನ ಮೇಲೆ ಕೈ ಎತ್ತಲಿಲ್ಲ, ಅವಳ ಬಲಕ್ಕೂ ಹೋಗಲಿಲ್ಲ. ಊಟಕ್ಕೆ, ಮದುವೆಗಳಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಎಡಕ್ಕೇ. ಏನಾದರೂ ಹೇಳಬೇಕಾದರೆ ಸುತ್ತಿ ಎದುರಿಗೆ ಬಂದು ನಿಲ್ಲಬೇಕಿತ್ತು. ಎಡದಲ್ಲಿ ಕುಳಿತು ಅವರು ಆಡಿದ ಮಾತುಗಳಲ್ಲಿ ಅಕ್ಕ ತನಗೆ ಬೇಕಾದಾಗ ಮಾತ್ರ ಮುಖ ತಿರುಗಿಸಿ ಕೇಳುತ್ತಿದ್ದಳು. ಉಳಿದವು ಹಾಗೇ ಹೋಗುತ್ತಿದ್ದವು.

ಒಂದು ಬೇಸಿಗೆ ಅವರು ವಿದ್ಯಾಗಿರಿಯ ತಮ್ಮ ಮನೆಯಲ್ಲೇ ಒಂದು ಸಣ್ಣ ಕೋಣೆಯನ್ನು ಥಿಯೇಟರ್ ಮಾಡಿದರು. ಎಡಕ್ಕೆ ಒಂದೂ ಸ್ಪೀಕರ್ ಇಲ್ಲ. ಹಿಂದಿನ ಎರಡೂ ಬಲಗಡೆಗೇ, ಒಂದು ಸ್ವಲ್ಪ ಮುಂದೆ, ಒಂದು ಹಿಂದೆ. ಯಾವ ಸದ್ದೂ ತಪ್ಪದಂತೆ ಒಂದು ಕಿವಿಗೆ ಹೊಂದಿಸಿದ ಕೋಣೆ. ಬೇರೆ ಯಾರು ಕುಳಿತರೂ ತಲೆ ತಿರುಗುತ್ತಿತ್ತು. ನೋಡಲು ಬಂದ ಗಿರಾಕಿಗಳು, "ಏನ್ರಿ ಮಾಸ್ತರ, ನಿಮ್ಮ ಮನ್ಯಾಗ ಎಲ್ಲಾ ಸೊಟ್ಟ" ಎಂದು ನಕ್ಕರೆ ಮಾವ ಆ ಕೋಣೆಯಲ್ಲಿ ಮಾತ್ರ ಸುಮ್ಮನಿರುತ್ತಿದ್ದರು. ಅಕ್ಕ ಒಮ್ಮೆ ಕುಳಿತು ಕೇಳಿ, "ಕೇಳಸ್ತೈತಿ" ಎಂದು ಎದ್ದುಬಂದಳು. ಆಮೇಲೆ ಅಲ್ಲಿ ಕೂರಲಿಲ್ಲ. ಎಡ ಮೂಲೆ ಖಾಲಿ ಇದೆಯೆಂದು ಜೋಳದ ಚೀಲ ತಂದು ಇಟ್ಟಳು. ಮಾವ ನೋಡಿ, "ಚಲೋ ಆತು, ದಮ್ಮು ಹದಕ್ಕ ಬಂತು" ಎಂದರಂತೆ.

ಬಾದಾಮಿಯಿಂದ ಅವರನ್ನು ತಂದು ವಿದ್ಯಾಗಿರಿಯ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ಗಾಯದ ಗುರುತಿನ ಮೇಲೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಬಲಗೈ ತೊಡೆಯ ಮೇಲೆ ಬೆರಳು ಮಡಚಿಕೊಂಡು ಬಿದ್ದಿತ್ತು. ಭಜನೆಯವರು ಬಂದಿದ್ದರು. ನೆರೆಯ ಹೆಂಗಸರು ಅಕ್ಕನನ್ನು ಹಿಡಿದು ತಂದು, ಜಾಗ ಸಿಕ್ಕಲ್ಲಿ, ಅವರ ಪಕ್ಕ ಕೂರಿಸಿದರು. ನೋಡಿದರೆ ಮಾವ ಅವಳ ಬಲಕ್ಕೆ ಬಂದಿದ್ದರು.

ಆ ಹೆಂಗಸರಿಗೆ ಅದು ಗೊತ್ತಿರಲಿಲ್ಲ. ನಾನು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಅವಳ ಬಲಗಿವಿಗೆ ಬಗ್ಗಿ ಹೇಳಿದೆ.

"ಅಕ್ಕಾ, ಏಳು. ಆ ಕಡೆ ಕುಂಡ್ರು ಬಾ."

ಅಕ್ಕ ಆ ಮಡಚಿದ ಬೆರಳುಗಳನ್ನು ನೋಡಿದಳು. ಸೆರಗನ್ನು ಬಲಗಿವಿಯ ಹಿಂದಕ್ಕೆ ಸರಿಸಿ ಇನ್ನಷ್ಟು ಹತ್ತಿರ ಸರಿದು ಕುಳಿತಳು.

"ಇರ್ಲಿ ಬಿಡೋ ತಮ್ಮಾ" ಎಂದಳು. "ಇನ್ನ ಆ ಕೈ ಏಳೂದಿಲ್ಲ."